ತಂಗಿಯ ಮಗಳು, ಅಕ್ಕನ ಮಗಳು

೯ ಜನವರಿ, ಚಿಂತಾಮಣಿ
ಸ್ಕೂಲಿಂದ ಬಂದು ಒಂದಿಷ್ಟು ಓದಿದೆ. ಹ್ಯಾಬ್ಸ್‌ಬರ್ಗ್ ರಾಜವಂಶದ ಕಾದಂಬರಿ. ಅನುವಾದ ಪರವಾಗಿಲ್ಲ. ಆದರೆ ಸ್ಪೇನಿನ ಫಿಲಿಪ್ ದೊರೆ ಮದುವೆಯಾದದ್ದು ತಂಗಿಯ ಮಗಳನ್ನು. ಅನುವಾದಕರು ಅವನನ್ನು ಅವಳ ಚಿಕ್ಕಪ್ಪ ಎಂದಿದ್ದಾರೆ. ಪೆನ್ಸಿಲ್‌ನಲ್ಲಿ ‘ಸೋದರಮಾವ’ ಎಂದು ತಿದ್ದಿದೆ. ಗೊತ್ತಿರುವ ಸಂಬಂಧ. ನನ್ನನ್ನು ಕಟ್ಟಿಕೊಂಡ ಇವರೂ ನನ್ನ ಅಮ್ಮನ ತಮ್ಮನೇ.

ಕೆಂಚಾರ್ಲಹಳ್ಳಿಯಿಂದ ಅಮ್ಮನ ಫೋನ್. ನನ್ನ ಮಗಳು ಯಾಮಿನಿಯನ್ನು ನನ್ನ ತಮ್ಮ ಮೋಹನ್‌ಬಾಬುವಿಗೆ ತಂದುಕೊಳ್ಳಬೇಕಂತೆ. “ನಿನ್ನ ಪಾಲಿನ ರೇಷ್ಮೆ ತೋಟ ಹೊರಗಿನೋರಿಗೆ ಹೋಗ್ಬಾರ್ದು ಕಣೇ.”

ಆಮೇಲೆ ಹೇಳ್ತೀನಿ ಅಂದೆ. ಸುಸ್ತು.

೧೨ ಜನವರಿ
ಆ ಮದುವೆಯಲ್ಲಿ ಹುಟ್ಟಿದ ಫಿಲಿಪ್‌ನ ಮಗ ಕಾರ್ಲೋಸ್. ಸರಿಯಾಗಿ ಅಗಿಯಲು ಬಾರದ ದವಡೆ. ನಡೆದದ್ದೂ ತಡ. ಎರಡು ಮದುವೆ, ಮಕ್ಕಳಿಲ್ಲ. ಸ್ಪೇನಿನಲ್ಲಿ ವಂಶ ಅಲ್ಲಿಗೇ ಮುಗಿಯಿತು.

ನನ್ನ ಮೊದಲ ಮಗು, ಹೆಸರಿಡುವ ಮುಂಚೆಯೇ… ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ.

೧೯ ಜನವರಿ
ಊರಿಗೆ ಹೋಗಿ ರಾಜರ ಕಥೆ ಹೇಳಿದೆ. ನನ್ನ ಮಾತು ಹೇಳಲಾಗದೆ ಅವರದ್ದು.

“ಎಷ್ಟು ವರ್ಷ ಆಳಿದ್ರಕ್ಕಾ?” ಮೋಹನ್ ಕೇಳಿದ.

“ಇಡೀ ವಂಶ ಸೇರಿ ಆರ್ನೂರರ ಮೇಲೆ.”

“ಮತ್ತೇನು! ಆಸ್ತಿ ಚೆನ್ನಾಗೇ ಉಳೀತಲ್ಲ!”

ಅಮ್ಮ ಮಾತ್ರ ಮುಖ ಸಿಂಡರಿಸಿದಳು. “ತಂಗಿ ಮಗಳನ್ನ ತಂದ್ಕೊಂಡ್ರಾ? ಥೂ! ಅದಕ್ಕೇ ಹಂಗಾಗಿದ್ದು. ನಮ್ಮಲ್ಲಿ ಅಕ್ಕನ ಮಗಳೇ ಆಗ್ಬೇಕು. ಯಾಮಿನಿ ಅಕ್ಕನ ಮಗಳು ತಾನೆ?”

ಎಲ್ಲರೂ ನಕ್ಕರು. ತಾಂಬೂಲ ಬದಲಾಯಿಸಲು ದಿನವೂ ಗೊತ್ತಾಯಿತು — ಫೆಬ್ರವರಿ ೯. ನಾನೇ ಕಥೆ ಹೇಳಿ ನಾನೇ ಸಂಬಂಧ ಗಟ್ಟಿ ಮಾಡಿಕೊಟ್ಟೆ.

೨ ಫೆಬ್ರವರಿ
ಕೊನೆಗೂ ಯಾಮಿನಿಯನ್ನೇ ಕೇಳಿದೆ.

“ಮಾವ ಒಳ್ಳೇವ್ರೇ ಕಣಮ್ಮ. ಆದ್ರೆ ನನ್ನನ್ನ ಎತ್ತಿ ಆಡ್ಸಿದೋರು… ಹೆಂಗಮ್ಮ?” ಮತ್ತೆ ಅವಳೇ, “ಬೇಡ ಅಂದ್ರೆ ನಿನಗೆ ತವರು ಇರಲ್ಲ. ಹೋಗ್ಲಿ ಬಿಡು. ಅಡ್ಜಸ್ಟ್ ಮಾಡ್ಕೊತೀನಿ.”

ನನ್ನ ಮದುವೆಯ ಹೊತ್ತಿಗೆ ನಾನೂ ಇದನ್ನೇ ಅಂದಿದ್ದೆ. ಅಡ್ಜಸ್ಟ್ ಎಂಬ ಪದ ಬಿಟ್ಟು.

೯ ಫೆಬ್ರವರಿ
ನಮ್ಮ ಹಾಲ್. ಕೊಡುವವಳು ನಾನು, ತಗೊಳ್ಳುವವಳು ಅಮ್ಮ. ತಟ್ಟೆ ನನ್ನ ಕೈಯಲ್ಲಿ.

“ಕೊಡೇ, ರಾಹುಕಾಲ ಬರುತ್ತೆ.”

ತಟ್ಟೆ ಕೆಳಗಿಟ್ಟೆ. “ಕೊಡಲ್ಲಮ್ಮ.”

ಯಾವ ಕಾರಣವನ್ನೂ ಹೇಳಲಿಲ್ಲ. ಹೇಳುವಷ್ಟು ಶಕ್ತಿ ಇರಲಿಲ್ಲ.

“ಇನ್ನ ನಮ್ಮ ಹೊಸಲು ತುಳೀಬೇಡ” ಅಂದು ಅಮ್ಮ ಎದ್ದಳು. ಮೋಹನ್ ನನ್ನ ಮುಖ ನೋಡಲಿಲ್ಲ. ಇವರು ಒಂದು ಕ್ಷಣ ನಿಂತರು. ಆಮೇಲೆ ಅಕ್ಕನ ಹಿಂದೆಯೇ ಹೊರಟರು.

೧೦ ಫೆಬ್ರವರಿ, ಸಂಜೆ
ಇವರು ಇನ್ನೂ ಬಂದಿಲ್ಲ. ಫೋನೂ ಇಲ್ಲ. ಯಾಮಿನಿ ಕಾಫಿ ತಂದಿಟ್ಟು ನನಗೆ ಒತ್ತಿಕೊಂಡು ಕೂತಿದ್ದಾಳೆ, ಚಿಕ್ಕವಳಿದ್ದಾಗಿನ ಹಾಗೆ. ಗೇಟು ಸದ್ದಾಯಿತು. ಇವರೇ ಇರಬೇಕು. ಒಬ್ಬರೇ ಬಂದರಾ, ಇಲ್ಲ ಅಮ್ಮನನ್ನೂ ಕರೆತಂದರಾ, ನೋಡಬೇಕು.