ಕೋಲಿನ ಬಿಸಿಲಿಗೆ ಅಡ್ಡ ನಿಂತ ಬಸ್ಸು

ನಿಜ್ವಾ ಹತ್ತಿರದ ಹಳ್ಳಿ, ಒಮಾನ್, ಬುಧವಾರ

ಸಲಾಂ ಅಕ್ಕಾ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕೈಯಲ್ಲಿ ಬೊಬ್ಬೆ ಎದ್ದಿದೆ.

ಈ ಊರಿನವರು ಕಾಲುವೆ ನೀರು ಹಂಚಿಕೊಳ್ಳುವ ಬಗೆ ಕಲಿಯಲು ವಿಶ್ವವಿದ್ಯಾಲಯದಿಂದ ನಾವು ಮೂರು ವಿಭಾಗದವರು ಬಂದೆವು. ಇಲ್ಲಿ ನೆಟ್ಟ ಕೋಲಿನ ನೆರಳು ಅವರವರ ಗೆರೆ ಮುಟ್ಟಿದಾಗಲೇ ನೀರಿನ ಸರದಿ. ಬಸ್ಸು ಎಲ್ಲಿ ನಿಲ್ಲಿಸಬೇಕೆಂದು ಕೇಳುವುದು ಇನ್ನೊಂದು ವಿಭಾಗದ ಕೆಲಸವೆಂದು ಮೂರೂ ವಿಭಾಗದವರು ಸುಮ್ಮನಿದ್ದೆವು. ಬಸ್ಸು ಆ ಕೋಲಿನ ಬಿಸಿಲಿಗೇ ಅಡ್ಡ ನಿಂತಿತು. ಚಾಲಕ ಸಿಗುವಷ್ಟರಲ್ಲಿ ವಿಧವೆ ಝುವೈನಾಳ ಸರದಿ ಕಳೆದೇಹೋಗಿತ್ತು.

ನೀರು ಹಂಚುವ ಖಲ್ಫಾನಜ್ಜ, “ಹಂಚೋದು ಕಲಿಯೋಕೆ ಬಂದ್ರಿ, ಗಡಿಯಾರಾನೇ ಮುಚ್ಚಿಬಿಟ್ರಲ್ಲಮ್ಮ! ಹಿಡೀರಿ ಬಕೆಟ್ಟು” ಎಂದ.

ಆಕೆಯ ಹನ್ನೊಂದು ಖರ್ಜೂರದ ಮರಗಳಿಗೂ ಬಾವಿಯಿಂದ ಹೊತ್ತು ಹಾಕಿದೆವು. ಸೊಂಟ ಹಿಡಿದುಕೊಂಡಿದೆ, ನೋವಿನ ಎಣ್ಣೆ ಕಳಿಸು. ನಾಲ್ಕು ವರ್ಷದ ಜಂಟಿ ಸಂಶೋಧನೆಯಲ್ಲಿ ಮೂರೂ ವಿಭಾಗದವರು ಕೂಡಿ ಮಾಡಿದ ಕೆಲಸ ಇದೊಂದೇ.

ನಿನ್ನ ರಯ್ಯಾ