ತಮ್ಮಯ್ಯಣ್ಣನ ಹನ್ನೊಂದನೇ ನಡೆ

೧೪-೮-೨೦೦೩, ಗುರುವಾರ

ನಮ್ಮ ಚೆಸ್ ಕ್ಲಬ್ಬಿಗೆ ಹಿಂದೆ ಆಡಿದ ಆಟಗಳ ಡೇಟಾಬೇಸ್ ಆರಿಸಲು ಅಶೋಕನ ಜೊತೆ ಹಾಸನಕ್ಕೆ ಹೋಗಿ ಮೈಯೆಲ್ಲ ಉರಿಸಿಕೊಂಡು ಬಂದೆ. ಅಂಗಡಿಯವನು ಎರಡು ಸಿ.ಡಿ. ತೋರಿಸಿದ. ತೀರಿಕೊಂಡ ನಮ್ಮ ಕ್ಲಬ್ಬಿನ ಹಿರಿಯ ತಮ್ಮಯ್ಯಣ್ಣನ ಆಟವನ್ನು ಯಾವುದು ಸೇರಿಸಿಕೊಳ್ಳುತ್ತದೋ ಅದೇ ಬೇಕೆಂದು, ಅಣ್ಣ ಅದನ್ನು ಬರೆದಿಟ್ಟಿದ್ದ ನೋಟ್‌ಬುಕ್ ಮುಂದಿಟ್ಟೆ. ಹನ್ನೊಂದನೇ ನಡೆಯಲ್ಲಿ ಅಣ್ಣನ ರಾಜ ಕುದುರೆಯಂತೆ ನೆಗೆಯುತ್ತಾನೆ. ನಮ್ಮ ಹಳೇ ಪದ್ಧತಿಯಲ್ಲಿ ರಾಜನಿಗೆ ಒಂದು ಸಲ ಆ ಹಕ್ಕುಂಟು. ಎರಡೂ ಸಿ.ಡಿ. ಆ ನಡೆಯನ್ನು ಒಪ್ಪಲಿಲ್ಲ.

"ತಪ್ಪು ನಡೆ ಅಂತೈತೆ ಸಾ," ಎಂದ ಅಂಗಡಿಯವನು.

"ತಪ್ಪು ನಿಮ್ಮಪ್ಪಂದು ಕಣ್ಲಾ!" ಎಂದೆ.

"ರಾಜನ್ನ ಒಂದೇ ಮನೆ ಸರಿಸಿ ಬರ್ಕೊಳ್ಳಾನ ಬುಡಣ್ಣ," ಎಂದ ಅಶೋಕ. ಹಾಗೆ ಸರಿಸಿದರೆ ಮುಂದಿನ ನಡೆಗೇ ಅಣ್ಣ ಸೋಲುತ್ತಾನೆ.

ಕೊನೆಗೆ ಇಪ್ಪತ್ತು ಲಕ್ಷ ಆಟಗಳಿರುವುದನ್ನೇ ಆರಿಸಿದೆ. ಕಲಿಯುವವರಿಗೆ ಅದೇ ಸರಿ. ಯಾರ್ಯಾರೋ ಸೋತ ಆಟಗಳೆಲ್ಲ ಅದರಲ್ಲಿವೆ. ಗೆದ್ದ ನಮ್ಮಣ್ಣನಿಗೆ ಮಾತ್ರ... ಥೂ, ಸಾಕು.