ಎಲೆ ಬಿಡುವ ತನಕ

ಹಿತ್ತಲ ಕೋಣೆಯಿಂದ,
ಮಾರ್ಚ್ ೯, ಭಾನುವಾರ

ನನ್ನ ಮುದ್ದಿನ ಅಣ್ಣನಿಗೆ,

ಹೇಗಿದ್ದೀಯ? ವೆಲ್ಡಿಂಗ್ ಕಿಡಿ ಹಾರಿ ಸುಟ್ಟ ಕೈ ವಾಸಿಯಾಯಿತೇ? ಕೈಗವಸು ಹಾಕದೆ ಕೆಲಸ ಮಾಡುವ ಚಾಳಿ ನೀನು ಬಿಟ್ಟಿರಲಾರೆ, ನಿನ್ನ ಹಟ ನನಗೆ ಗೊತ್ತಿಲ್ಲವೇ. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನನಗೇನು, ಗುಂಡುಕಲ್ಲಿನ ಹಾಗಿದ್ದೇನೆ. ಇದ್ದಲ್ಲೇ ಇದ್ದೇನೆ.

ನಿಮ್ಮೂರಿನ ಆಸ್ಪತ್ರೆಯಲ್ಲಿ ನನಗೆ ನರ್ಸ್ ತರಬೇತಿಗೆ ಸೀಟು ಸಿಕ್ಕಾಗ ಅಮ್ಮ ಬೇಡ ಅನ್ನಲಿಲ್ಲ, ನೆನಪಿದೆಯಾ? "ಈ ಮೂರೆಲೆ ಗಿಡದ ಬೀಜ ಹಾಕಿದೀನಿ. ಎಲೆ ಬಿಟ್ಟ ದಿನ ಹೋಗು, ಅಲ್ಲೀವರೆಗೂ ನನ್ನ ಕೈಗೊಬ್ಬರು ಬೇಕು" ಅಂದಳು. ನಾನು ಖುಷಿಯಿಂದ ತಲೆಯಾಡಿಸಿದೆ. ಚೆಂಡುಹೂವಿನ ಹಾಗೆ ಇದೂ ವಾರದಲ್ಲಿ ತಲೆಯೆತ್ತುತ್ತದೆ ಅಂದುಕೊಂಡಿದ್ದೆ. ಗಿಡದ ನರ್ಸರಿಯವರ ಮನೆಯಲ್ಲಿ ಹುಟ್ಟಿಯೂ ನನ್ನ ಬುದ್ಧಿ ಅಷ್ಟೇ. ಇದು ಕಾಡಿನ ನೆರಳಲ್ಲಿ ಬೆಳೆಯುವ ಗಿಡ. ಒಂದು ಚಳಿಗಾಲ ಕಳೆದರೆ ಮಣ್ಣೊಳಗೆ ಬೇರು ಮಾತ್ರ, ಇನ್ನೊಂದು ಚಳಿಗಾಲ ಕಳೆದ ಮೇಲೇ ಎಲೆಯಂತೆ. ಕಾಡುಗಿಡ ಬೆಳೆಸಿ ಮಾರುತ್ತಲೇ ನಮ್ಮನ್ನು ಸಾಕಿದ ಅಮ್ಮನಿಗೆ ಅದು ಗೊತ್ತಿರಲಿಲ್ಲವೇ?

ಆಸ್ಪತ್ರೆಯವರು ಒಂದೂವರೆ ವರ್ಷ ಕಾದರು. ಈ ತಿಂಗಳ ಕೊನೆಗೆ ಸೇರದಿದ್ದರೆ ಸೀಟು ಬೇರೆಯವರ ಪಾಲು. ಎರಡನೇ ಚಳಿಗಾಲವೂ ಮುಗಿಯಿತು. ದಿನಾ ಎದ್ದು ಬೀಜ ಹಾಕಿದ ಟ್ರೇ ನೋಡುವುದು, ಮಣ್ಣು ಒಣಗದ ಹಾಗೆ ನೀರು ಚಿಮುಕಿಸುವುದು, ಮೇಲೆ ಹೊದಿಸಿದ ತರಗೆಲೆ ಸರಿಮಾಡುವುದು, ಇದೇ ಆಯಿತು ನನ್ನ ಬಾಳು. ಉಸಿರು ಕಟ್ಟುತ್ತದೆ ಅಣ್ಣಾ. ಜಗಳವಾಡೋಣವೆಂದರೆ ಮನಸ್ಸು ಬರುವುದಿಲ್ಲ. ಅಪ್ಪ ತೀರಿಕೊಂಡು, ನೀನೂ ಹೊರಟ ಮೇಲೆ ಅವಳು ಬಾಗಿಲ ಚಿಲಕ ಹಾಕಿ ಮತ್ತೆ ಮತ್ತೆ ಎಳೆದು ನೋಡುತ್ತಾಳೆ. ನಾನು ಬಟ್ಟೆ ಒಣಹಾಕಲು ಮಹಡಿ ಹತ್ತಿದರೂ ಕೆಳಗಿನಿಂದ "ಎಲ್ಲಿದ್ದೀಯೇ?" ಅಂತ ಕೂಗುತ್ತಾಳೆ.

ಅತ್ತಿಗೆಗೆ ನನ್ನ ನೆನಪು ಹೇಳು, ಮಗುವಿನ ಕೆನ್ನೆ ಹಿಂಡು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯವರೆಗೆ ತಳ್ಳಿಕೊಂಡು ಬಂದೆ. ಇವತ್ತು ಬೆಳಿಗ್ಗೆ ಎಲೆ ಬಂದಿತ್ತು. ಅಮ್ಮ ಬೆರಳಿನಿಂದ ಅದರ ಮೇಲೆ ಮಣ್ಣು ಎಳೆಯುತ್ತಿದ್ದುದನ್ನು ಕಿಟಕಿಯಿಂದ ನೋಡಿದೆ. ಒಳಗೆ ಬಂದು ಕೈ ತೊಳೆಯುತ್ತಾ, "ಇನ್ನೂ ಏನೂ ಬಂದಿಲ್ಲ ಪುಟ್ಟಿ" ಅಂದಳು. ನಾನು "ಹೌದಾ ಅಮ್ಮ" ಅಂದೆ. ಬೇಗ ಬಾ ಅಣ್ಣಾ. ನಾಳೆ ಅಮ್ಮ ಮತ್ತೆ ಹಾಗಂದರೂ ನಾನು "ಹೌದಾ" ಅಂತಲೇ ಅನ್ನುತ್ತೇನೆ.